ಗಡಸು ನೀರಿನಿಂದ ಹೆಸರಾದ ಊರು

ಬೋರ್‌ವೆಲ್ ನೀರಿನಲ್ಲಿ ಎಷ್ಟು ಉಜ್ಜಿದರೂ ಸೋಪು ನೊರೆ ಕೊಡದಿರುವುದನ್ನು ನೀವು ಕಂಡಿರಬಹುದು. ಸ್ನಾನದ ಹಂಡೆಯ ಒಳಮೈಗೆ ಬಿಳಿಯ ಪದರ ಅಂಟಿರುವುದನ್ನೂ ನೋಡಿರಬಹುದು. ಇದು ಗಡಸು ನೀರು, ಅಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ಹೆಚ್ಚಾಗಿರುವ ನೀರು. ಸಾಮಾನ್ಯವಾಗಿ ನಾವು ಇದನ್ನು ದೂರುತ್ತೇವೆ. ಆದರೆ ಇಂಥ ನೀರಿನಿಂದಲೇ ಜಗತ್ಪ್ರಸಿದ್ಧವಾದ ಊರೊಂದಿದೆ. ಅದೇ ಇಂಗ್ಲೆಂಡಿನ ಟ್ರೆಂಟ್ ನದಿಯ ದಡದ ಬರ್ಟನ್.

ಬರ್ಟನ್ನಿನ ಕಸುಬು ಬಿಯರ್ ತಯಾರಿಕೆ. ನಮಗಿಲ್ಲಿ ಬೇಕಾದದ್ದು ಆ ಪಾನೀಯವಲ್ಲ, ಅದರ ಹಿಂದಿನ ರಸಾಯನಶಾಸ್ತ್ರ. ಅಲ್ಲಿಯವರು ನದಿಯ ನೀರನ್ನು ಬಿಟ್ಟು ಬಾವಿಯ ನೀರನ್ನು ಬಳಸಿದರು. ಜಿಪ್ಸಂ ಪದರಗಳ ಮೂಲಕ ಇಳಿದು ಬರುವ ಆ ನೀರಿನಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಹೇರಳವಾಗಿದೆ. 1822ರ ಸುಮಾರಿಗೆ ಅಲ್ಲಿನ ಆಲ್ಸಪ್ ಸಂಸ್ಥೆ ಭಾರತದಲ್ಲಿದ್ದ ಇಂಗ್ಲಿಷರಿಗಾಗಿ ತಿಳಿಬಣ್ಣದ ಬಿಯರನ್ನು ಹಡಗಿನಲ್ಲಿ ಕಳುಹಿಸತೊಡಗಿತು. 'ಇಂಡಿಯಾ ಪೇಲ್ ಏಲ್' ಎಂಬ ಹೆಸರಿನಲ್ಲಿ ನಮ್ಮ ದೇಶದ ಹೆಸರು ಸೇರಿರುವುದು ಈ ವ್ಯಾಪಾರದಿಂದಲೇ.

ಹಾಗಾದರೆ ಜಿಪ್ಸಂ ಮಾಡುವ ಕೆಲಸವೇನು? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಈ ಕೆಲಸ ಚೆನ್ನಾಗಿ ನಡೆಯಬೇಕಾದರೆ ಮಿಶ್ರಣದ ಪಿಎಚ್ ಸುಮಾರು 5.2ರಿಂದ 5.6ರೊಳಗಿರಬೇಕು. ಕ್ಯಾಲ್ಸಿಯಂ ಧಾನ್ಯದ ಫಾಸ್ಫೇಟಿನೊಡನೆ ಸೇರಿ ಹೈಡ್ರೋಜನ್ ಅಯಾನುಗಳನ್ನು ಬಿಡುಗಡೆ ಮಾಡುತ್ತದೆ. ಆಗ ಪಿಎಚ್ ತಗ್ಗುತ್ತದೆ. ಸಲ್ಫೇಟ್ ಹಾಪ್ ಹೂವಿನ ಕಹಿಯನ್ನು ಎತ್ತಿ ತೋರಿಸುತ್ತದೆ.

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಹಿಂದೆ ಬಳಸುತ್ತಿದ್ದ ನೀರೂ ಗಡಸೇ ಆಗಿತ್ತು. ಆದರೆ ಅದರಲ್ಲಿ ಬೈಕಾರ್ಬನೇಟ್ ಹೆಚ್ಚಿತ್ತು. ಅದು ಆಮ್ಲವನ್ನು ತಟಸ್ಥಗೊಳಿಸಿ ಪಿಎಚ್ ಏರಿಸುತ್ತದೆ. ಕಪ್ಪಗೆ ಹುರಿದ ಧಾನ್ಯದ ಆಮ್ಲೀಯತೆ ಇದನ್ನು ಸರಿದೂಗಿಸುವುದರಿಂದ ಅಲ್ಲಿ ಕಪ್ಪು ಬಿಯರ್ ನೆಲೆಯೂರಿತು. ನಿಮ್ಮ ಪಠ್ಯದಲ್ಲಿರುವ 'ಶಾಶ್ವತ' ಮತ್ತು 'ತಾತ್ಕಾಲಿಕ' ಗಡಸುತನಗಳು ಎರಡು ಊರುಗಳ ಉದ್ಯಮವನ್ನೇ ಬೇರೆಯಾಗಿಸಿದ್ದನ್ನು ಗಮನಿಸಿ!

1856ರಲ್ಲಿ ಇಂಡ್ ಕೂಪ್ ಎಂಬ ಕಂಪನಿ ಈ ನೀರಿಗಾಗಿಯೇ ಬರ್ಟನ್ನಿಗೆ ಬಂದು ಕಾರ್ಖಾನೆ ತೆರೆಯಿತು. ಮುಂದೆ ರಸಾಯನಶಾಸ್ತ್ರಜ್ಞರು ಗುಟ್ಟನ್ನು ಬಿಡಿಸಿದಾಗ, ಯಾವ ಊರಿನವರಾದರೂ ತಮ್ಮ ನೀರಿಗೆ ಜಿಪ್ಸಂ ಬೆರೆಸಿಕೊಳ್ಳುವಂತಾಯಿತು. ಬಾವಿಯ ಭಾಗ್ಯ ಬರ್ಟನ್ನಿನ ಸ್ವತ್ತಾಗಿ ಉಳಿಯಲಿಲ್ಲ. ಇನ್ನೊಂದು ಸ್ವಾರಸ್ಯವಿದೆ. ನೀವು ಪ್ರಯೋಗಾಲಯದಲ್ಲಿ ಬಳಸುವ ಪಿಎಚ್ ಮಾಪನವನ್ನು 1909ರಲ್ಲಿ ರೂಪಿಸಿದ ಸೋರೆನ್‌ಸನ್, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದರು. ಅದನ್ನು ಸ್ಥಾಪಿಸಿದ್ದೂ ಒಬ್ಬ ಬಿಯರ್ ಉದ್ಯಮಿಯೇ.

ನೀವೂ ಒಂದು ಪ್ರಯೋಗ ಮಾಡಿ. ಬೋರ್‌ವೆಲ್ ನೀರನ್ನು ಎರಡು ಪಾಲು ಮಾಡಿ. ಒಂದನ್ನು ಚೆನ್ನಾಗಿ ಕುದಿಸಿ, ಆರಿಸಿ, ಸೋಸಿ. ಎರಡನ್ನೂ ಸಮ ಪ್ರಮಾಣದಲ್ಲಿ ಒಂದೇ ಬಗೆಯ ಬಾಟಲಿಗಳಿಗೆ ತುಂಬಿ, ಸಮನಾಗಿ ಸೋಪಿನ ದ್ರಾವಣ ಹಾಕಿ ಅಲುಗಾಡಿಸಿ. ಡಿಟರ್ಜೆಂಟ್ ಬೇಡ. ಕುದಿಸಿದ ನೀರು ಹೆಚ್ಚು ನೊರೆ ಕೊಟ್ಟರೆ ಗಡಸುತನದಲ್ಲಿ ತಾತ್ಕಾಲಿಕದ ಪಾಲಿದೆ. ಎರಡೂ ನೊರೆ ಕೊಡದಿದ್ದರೆ ನಿಮ್ಮ ನೀರು ಬರ್ಟನ್ನಿನ ಜಾತಿಯದು.

ಆದರೆ ಒಂದು ಎಚ್ಚರಿಕೆ. ನೊರೆ ಹೇಳುವುದು ಗಡಸುತನವನ್ನು ಮಾತ್ರ. ಕೋಲಾರ, ಪಾವಗಡದಂಥ ಕಡೆಗಳಲ್ಲಿ ಹಲ್ಲು ಮೂಳೆಗಳನ್ನು ಕೆಡಿಸಿರುವ ಫ್ಲೋರೈಡ್ ಈ ಪ್ರಯೋಗದಲ್ಲಿ ಕಾಣದು, ಕುದಿಸಿದರೂ ಹೋಗದು. ಕುಡಿಯುವ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಮನೆಯ ಹಿರಿಯರಿಗೆ ಇಂದೇ ಹೇಳಿ.