ಪಾರ್ಕಿಂಗ್ ಟಿಕೆಟ್ ಬಂತೇ? ಗಾಬರಿ ಬೇಡ!

ಗಂಡನ ಕೆಲಸಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ ತಿಂಗಳೂ ಆಗಿಲ್ಲ. ತರಕಾರಿ ತರುವಷ್ಟರಲ್ಲಿ ಕಾರಿನ ಗಾಜಿಗೆ ದಂಡದ ಚೀಟಿ! 'ಹೊಸ ಊರು, ಯಾಕೆ ರಗಳೆ, ಕಟ್ಟಿಬಿಡೋಣ' ಅಂತೀರಾ? ತಪ್ಪು ನಿಮ್ಮದಾದರೆ ಕಟ್ಟಿ. ಇಲ್ಲವಾದರೆ ತಾಳಿ.

ಮೊದಲು ಫೋಟೊ ತೆಗೆಯಿರಿ: ಮರದ ಮರೆಯ ಬೋರ್ಡ್, ಬಣ್ಣ ಮಾಸಿದ ಫುಟ್‌ಪಾತ್ ಅಂಚು, ಕೆಟ್ಟ ಮೀಟರ್. 21 ದಿನದೊಳಗೆ ಮರುಪರಿಶೀಲನೆ ಕೇಳಿ, ಇದಕ್ಕೆ ದುಡ್ಡಿಲ್ಲ. ಒಪ್ಪದಿದ್ದರೆ, ಆ ಉತ್ತರ ಅಂಚೆಗೆ ಬಿದ್ದ 21 ದಿನದೊಳಗೆ ವಿಚಾರಣೆ ಕೇಳಬಹುದು. ಇಂಗ್ಲಿಷ್ ಮಾತಾಡಲು ಅಂಜಿಕೆಯೇ? ಪತ್ರದಲ್ಲೇ ವಿವರಿಸಬಹುದು. ಆದರೆ ದಂಡದ ಮೊತ್ತ ಮುಂಗಡ ಕಟ್ಟಬೇಕು; ಕಟ್ಟಲಾಗದವರಿಗೆ ವಿನಾಯಿತಿ ಉಂಟು.

ಅಲ್ಲೂ ಸೋತರೆ 30 ದಿನದೊಳಗೆ ಕೋರ್ಟ್. ಶುಲ್ಕ 25 ಡಾಲರ್. ಗೆದ್ದರೆ ದಂಡದ ಜತೆ ಅದೂ ವಾಪಸ್.

ಚೀಟಿಯನ್ನು ಡ್ರಾಯರಿಗೆ ಹಾಕಿ ಮರೆತಿರೋ, ದಂಡವೂ ಬೆಳೆಯುತ್ತೆ, ಕಾರಿನ ನೋಂದಣಿ ನವೀಕರಣಕ್ಕೂ ಅಡ್ಡಿಯಾಗುತ್ತೆ. ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ!