ನೀರು ಎತ್ತಿ ಹೊಯ್ದ ಹುಡುಗಿ

ಮನೆಯಲ್ಲಿ ಸಮುದ್ರದ ಮೀನು ಸಾಕುತ್ತೇನೆಂದು ಅಕ್ವೇರಿಯಂ ಅಂಗಡಿಗೆ ಹೋದರೆ ಮೀನಿನ ಮಾತು ಬರುವುದು ಕಡೆಗೆ. ಮೊದಲು ಕೈಗೆ ಸಿಗುವುದು ಒಂದು ಪಟ್ಟಿ: ಸಂಪು, ರಿಟರ್ನ್ ಪಂಪು, ಪ್ರೋಟೀನ್ ಸ್ಕಿಮ್ಮರ್, ಎರಡು ವೇವ್‌ಮೇಕರ್. ಐದು ವರ್ಷದ ಹಿಂದೆ ಅಂಥ ಪಟ್ಟಿಯ ಕೆಳಗಿನ ಮೊತ್ತ ನೋಡಿ ಮೆಲ್ಲಗೆ ಜಾರಿಕೊಂಡವನು ನಾನು. ಒಂದು ಗಾಜಿನ ಡಬ್ಬಕ್ಕೆ ಇಷ್ಟೆಲ್ಲ ಯಾಕೆ ಎಂದು ಹಳೆಯ ಬರಹಗಳನ್ನು ಕೆದಕುತ್ತ ಹೋದಾಗ ಸಿಕ್ಕವಳು ಲಂಡನ್ನಿನ ಒಬ್ಬ ಮನೆಗೆಲಸದ ಹುಡುಗಿ. ಅವಳ ಹೆಸರನ್ನು ಒಡತಿ ಬರೆದಿಡಲಿಲ್ಲ.

ಒಡತಿ ಆನಾ ಥಿನ್. ಗಂಡ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ದೊಡ್ಡ ಪಾದ್ರಿ. 1846ರಲ್ಲಿ ಟಾರ್ಕೀ ಎಂಬ ಕಡಲೂರಿಗೆ ಹೋದಾಗ ಬಂಡೆಗೆ ಅಂಟಿ ಬದುಕುವ ಪುಟ್ಟ ಬಟ್ಟಲಿನಂಥ ಹವಳಗಳು ಈಕೆಯ ಕಣ್ಣಿಗೆ ಬಿದ್ದವು. ಲಂಡನ್ನಿಗೆ ಒಯ್ಯಲೇಬೇಕೆಂದು ಹಟ. ದಾರಿಯ ಕುಲುಕಾಟಕ್ಕೆ ಒಂದಕ್ಕೊಂದು ಬಡಿದು ಸಾಯಬಾರದೆಂದು ಸೂಜಿ ದಾರ ಹಿಡಿದು ಅವನ್ನು ಒಂದು ದೊಡ್ಡ ಸ್ಪಂಜಿಗೆ ಹೊಲಿದುಬಿಟ್ಟಳಂತೆ. ಸಮುದ್ರ ಜೀವಿಯನ್ನು ಹೊಲಿಗೆ ಹಾಕಿ ಸಾಗಿಸಿದ ಇನ್ನೊಬ್ಬರನ್ನು ನಾನು ಕೇಳಿಲ್ಲ.

ಹವಳ ಬಂತು, ಕಡಲು ಹಿಂದೆಯೇ ಉಳಿಯಿತು. ಮೊದಮೊದಲು ಒಂದು ದಿನ ಬಿಟ್ಟು ಒಂದು ದಿನ ತಾಜಾ ಕಡಲನೀರು ತರಿಸಿ ಬದಲಿಸುತ್ತಿದ್ದಳು. ಅದು ಎಷ್ಟು ದಿನ ನಡೆದೀತು? ನೀರಿಗೆ ಗಾಳಿ ಕೂಡಿಸಿದರೆ ಹಳೆಯದೇ ಬಾಳಿಕೆ ಬಂದೀತೆಂದು ಹೊಳೆಯಿತು. ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಮತ್ತೆ ಅಲ್ಲಿಂದ ಇಲ್ಲಿಗೆ, ನೀರನ್ನು ಎತ್ತಿ ಎತ್ತಿ ಹೊಯ್ಯುವುದು. ಲೋಟ ಡಬರಿಯಲ್ಲಿ ಕಾಫಿ ಆರಿಸುತ್ತೇವಲ್ಲ, ಹಾಗೆ. ಆದರೆ ದಿನಾ ಅರ್ಧ, ಮುಕ್ಕಾಲು ಗಂಟೆ. ಹೊಯ್ದವಳು ಕೆಲಸದ ಹುಡುಗಿ. ದಣಿವಿನ ಕೆಲಸ ನಿಜ, ಆದರೆ ಹುಡುಗಿಗೆ ಅದೊಂದು ಆಟದ ಹಾಗಿತ್ತು ಎಂಬರ್ಥದಲ್ಲಿ ಒಡತಿ ಮುಂದೆ ಬರೆದಳು. ಆಟವೋ ಅಲ್ಲವೋ ಎಂದು ಹುಡುಗಿಯನ್ನು ಕೇಳಿ ಬರೆದದ್ದಲ್ಲ. ಈ ಸಾಲು ಓದಿದಾಗೆಲ್ಲ ನನಗೆ ಮೈ ಉರಿಯುತ್ತದೆ.

ಇವತ್ತಿನ ಏರ್ ಪಂಪು, ವೇವ್‌ಮೇಕರ್ ಎರಡೂ ಆ ಎರಡು ತೋಳುಗಳೇ. ನೀರು ಗಾಳಿಗೆ ಮೈಯೊಡ್ಡಿದಷ್ಟೂ ಆಮ್ಲಜನಕ ಒಳಗೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಮರುವರ್ಷ ಆನಾ ಥಿನ್ ಜೀವಂತ ಕಡಲಪಾಚಿಯನ್ನೂ ತರಿಸಿ ಹಾಕಿದಳು. ಹವಳಗಳು ವರ್ಷಗಟ್ಟಲೆ ಬದುಕಿದವು, ಮರಿಯೂ ಹಾಕಿದವು. ಅವಳು ಇದನ್ನೆಲ್ಲ ಅಚ್ಚಿಗೆ ಕೊಡುವ ಹೊತ್ತಿಗೆ 1859. ಅಷ್ಟರೊಳಗೆ ರಾಬರ್ಟ್ ವಾರಿಂಗ್‌ಟನ್ ಎಂಬ ರಸಾಯನಶಾಸ್ತ್ರಜ್ಞ ಗಿಡ ಮತ್ತು ಮೀನಿನ ಸಮತೋಲದ ಲೆಕ್ಕ ಹೇಳಿಯಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆದಿತ್ತು. ಮರುವರ್ಷ ಫಿಲಿಪ್ ಗಾಸ್‌ನ ಪುಸ್ತಕ ಬಂದು ‘ಅಕ್ವೇರಿಯಂ’ ಎಂಬ ಮಾತು ಮನೆಮಾತಾಗಿತ್ತು. ಒಡತಿಗೆ ಸಿಗಬೇಕಾದ ಹೆಸರು ಗಂಡಸರ ಪಾಲಾಯಿತು. ಹುಡುಗಿಯದಂತೂ ಲೆಕ್ಕಕ್ಕೇ ಇಲ್ಲ.

ಗಾಸ್ ಪುಸ್ತಕ ಓದಿ ತೊಟ್ಟಿ ಇಟ್ಟವರಲ್ಲಿ ಬಹಳ ಮಂದಿಯ ಮನೆಯಲ್ಲಿ ನೀರು ಕೊಳೆತು ನಾರಿತು. ಅದಕ್ಕೆ ಮದ್ದು ಹುಡುಕಿದವನು ವಿಲಿಯಂ ಆಲ್‌ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟು, ಕೈಸುಟ್ಟುಕೊಂಡು, ಹ್ಯಾಂಬರ್ಗಿಗೆ ಹೋಗಿ ಅಲ್ಲಿನ ಮೃಗಾಲಯದ ಮತ್ಸ್ಯಾಲಯ ಕಟ್ಟಿಕೊಟ್ಟು, 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಮತ್ತೊಂದನ್ನು ಎಬ್ಬಿಸಿದ. ಜನ ನೋಡುವ ತೊಟ್ಟಿಗಳಿಗಿಂತ ಎಷ್ಟೋ ಪಟ್ಟು ದೊಡ್ಡದಾದ ಕತ್ತಲ ತೊಟ್ಟಿ ನೆಲದಡಿಯಲ್ಲಿ. ಅಲ್ಲಿಂದ ಉಗಿಯಂತ್ರದ ಪಂಪು ನೀರನ್ನು ಮೇಲೆತ್ತುತ್ತದೆ, ನೀರು ತೊಟ್ಟಿಯಿಂದ ತೊಟ್ಟಿಗೆ ಹರಿದು ಮತ್ತೆ ಕೆಳಗಿಳಿಯುತ್ತದೆ. ಕತ್ತಲಲ್ಲಿ ಪಾಚಿ ಬೆಳೆಯದು. ನೀರು ಹೆಚ್ಚಿದ್ದಷ್ಟೂ ಕೆಡುವುದು ನಿಧಾನ. ಬೆಂಗಳೂರಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಂಗಳದ ಕೆಳಗೆ ಸಂಪು, ತಾರಸಿಯ ಮೇಲೆ ಟ್ಯಾಂಕು. ಅಂಗಡಿಯವರು ಇವತ್ತು ಹೊಸ ತಂತ್ರಜ್ಞಾನವೆಂಬಂತೆ ಮಾರುವ ಅಕ್ವೇರಿಯಂ ಸಂಪು ಕೂಡ ಇದೇ.

ಲಾಯ್ಡ್ ಕಂಡುಕೊಂಡ ಇನ್ನೊಂದು ವಿಷಯ ನಮ್ಮವರಿಗೆ ಕಷ್ಟವಾದೀತು. ಅವನ ಪಂಪು, ಕೊಳವೆಗಳು ಗಟ್ಟಿ ಮಾಡಿದ ರಬ್ಬರಿನವು, ಲೋಹ ಬೇಡವೇ ಬೇಡ. ತಾಮ್ರದ ಚೊಂಬಿನ ನೀರು ನಮಗೆ ಅಮೃತವಿರಬಹುದು. ಹವಳಕ್ಕೂ ಸಿಗಡಿಗೂ ತಾಮ್ರ ವಿಷ. ಸಂಪಿಗೆ ಕೊಳಾಯಿ ಜೋಡಿಸುವವನು ಹಿತ್ತಾಳೆಯ ವಾಲ್ವ್ ತಂದರೆ ವಾಪಸು ಕಳಿಸಿ. ಹಿತ್ತಾಳೆಯಲ್ಲೂ ತಾಮ್ರವೇ ತುಂಬಿದೆ. ಪಿವಿಸಿ ಸಾಕು.

ಮುಂದಿನ ಎಂಬತ್ತು ವರ್ಷ ಮನೆ ತೊಟ್ಟಿಗಳ ಮಟ್ಟಿಗೆ ಹೇಳಿಕೊಳ್ಳುವಂಥದ್ದಲ್ಲ. ಆ ನಡುವೆ ರಷ್ಯದ ವಿನೊಗ್ರಾದ್‌ಸ್ಕಿ, ಅಮೋನಿಯವನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡಿದರೆ ಮತ್ತೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆಂದು ತೋರಿಸಿದ್ದ. ಫಿಲ್ಟರ್ ಎಂದರೆ ಕಸ ಸೋಸುವ ಜರಡಿಯೆಂದು ತಿಳಿದವರು ಇಲ್ಲಿ ಎಡವುತ್ತಾರೆ. ಕಣ್ಣಿಗೆ ಕಾಣುವ ಕಸ ಅಂಥ ಅಪಾಯವಲ್ಲ. ತಿಳಿನೀರಿನಲ್ಲಿ ಕರಗಿ ಕೂತ ಅಮೋನಿಯ ಮೀನನ್ನು ಕೊಲ್ಲುತ್ತದೆ. ಬ್ಯಾಕ್ಟೀರಿಯಕ್ಕೆ ಮನೆ ಕಟ್ಟಿಕೊಡುವುದೇ ಫಿಲ್ಟರಿನ ಅಸಲು ಕೆಲಸ. ಅದಕ್ಕೇ ಹೊಸ ತೊಟ್ಟಿಯನ್ನು ನಾಲ್ಕಾರು ವಾರ ಮೀನಿಲ್ಲದೆ ಓಡಿಸಬೇಕು.

1961ರಲ್ಲಿ ಜಕಾರ್ತಾದ ಲೀ ಚಿನ್ ಎಂಗ್ ಒಂದು ಅಮೆರಿಕನ್ ಮೀನು ಪತ್ರಿಕೆಯಲ್ಲಿ ತನ್ನ ಪದ್ಧತಿ ಬರೆದ. ಕಡಲಿನಿಂದ ತಂದ ಜೀವ ತುಂಬಿದ ಕಲ್ಲು, ಕಡಲನೀರು, ಸಣ್ಣಗೆ ಗಾಳಿಯ ಗುಳ್ಳೆ. ಅಷ್ಟೇ. ಕಲ್ಲಿನ ಸಂದುಗೊಂದಿನಲ್ಲಿದ್ದ ಬ್ಯಾಕ್ಟೀರಿಯವೇ ಅವನ ಫಿಲ್ಟರ್. ಪಶ್ಚಿಮದ ಹವ್ಯಾಸಿಗಳು ಅದನ್ನು ಕಡಲಂಚಿನವನ ಅದೃಷ್ಟವೆಂದು ತಳ್ಳಿಹಾಕಿ ಮರಳಿನಡಿಯ ಫಿಲ್ಟರ್ ತಟ್ಟೆಗಳಿಗೇ ಜೋತುಬಿದ್ದರು. ಎರಡು ದಶಕ ಕಳೆದ ಮೇಲೆ ಅದೇ ಕಲ್ಲಿಗೆ ಸ್ಕಿಮ್ಮರ್ ಸೇರಿಸಿದ ಜರ್ಮನಿಯ ಹವ್ಯಾಸಿಗಳ ಕ್ರಮ ‘ಬರ್ಲಿನ್ ಪದ್ಧತಿ’ ಎಂದು ಮೆರೆಯಿತು. ಜಕಾರ್ತಾ ಪದ್ಧತಿ ಎಂದು ಯಾರೂ ಅನ್ನಲಿಲ್ಲ.

ಸ್ಕಿಮ್ಮರ್ ಮಾಡುವ ಕೆಲಸವನ್ನು ಮಂಡ್ಯದ ಆಲೆಮನೆ ನೋಡಿದವರು ಬಲ್ಲರು. ಕೊಪ್ಪರಿಗೆಯಲ್ಲಿ ಕಬ್ಬಿನಹಾಲು ಕುದಿಯುವಾಗ ಮೇಲೇಳುವ ಕೊಳೆ ನೊರೆಯನ್ನು ತೆಗೆದು ಚೆಲ್ಲುತ್ತಾರಲ್ಲ, ಅದೇ. ಇಲ್ಲಿ ಬೆಂಕಿಯ ಬದಲು ಗಾಳಿ. ಉಪ್ಪುನೀರಿನಲ್ಲಿ ಗುಳ್ಳೆ ಸಾಸಿವೆಗಿಂತ ಸಣ್ಣದಾಗಿ ಉಳಿಯುತ್ತದೆ. ಕರಗಿದ ಜೈವಿಕ ಕೊಳೆ ಅದರ ಮೈಗಂಟಿ ಮೇಲೇರಿ ಬಟ್ಟಲಿಗೆ ಬೀಳುತ್ತದೆ. ಸಿಹಿನೀರಿನಲ್ಲಿ ಗುಳ್ಳೆಗಳು ಕೂಡಿ ದಪ್ಪವಾಗುವುದರಿಂದ ಅಲ್ಲಿ ಇದು ನಡೆಯದು. ಕೊಳೆಯುವ ಮೊದಲೇ ಕೊಳೆಯನ್ನು ನೀರಿನಿಂದ ಹೊರಹಾಕುವ ಯಂತ್ರ ಇದು. ದುಡ್ಡು ಸಾಲದಿದ್ದರೆ ಉಳಿದುದರಲ್ಲಿ ಕೈಹಿಡಿತ ಮಾಡಿ, ಇದರಲ್ಲಿ ಬೇಡ.

ಇನ್ನು ಹರಿವು. ಹವಳ ನಡೆಯಲಾರದು, ಉಸಿರು, ಊಟ, ಕಸ ಗುಡಿಸುವುದು ಎಲ್ಲ ನೀರೇ ಮಾಡಬೇಕು. ಪವರ್‌ಹೆಡ್ ಎಂಬ ಹಳೆಯ ಪಂಪುಗಳು ಹೋಳಿಯ ಪಿಚಕಾರಿಯಂತೆ ಒಂದೇ ಕಡೆ ಚಿಮ್ಮಿ ಹವಳದ ಮೈ ಸುಲಿಯುತ್ತಿದ್ದವು. ಈ ಶತಮಾನದ ಆರಂಭದಲ್ಲಿ ಬಂದ ಪ್ರೊಪೆಲ್ಲರ್ ಪಂಪುಗಳು, ಅಂದರೆ ಇವತ್ತಿನ ವೇವ್‌ಮೇಕರ್‌ಗಳು, ಹೆಚ್ಚು ನೀರನ್ನು ಅಗಲವಾಗಿ, ಮೆತ್ತಗೆ ದೂಡುತ್ತವೆ. ಬರಿ ಮೀನಿಗಾದರೆ ಗಂಟೆಗೆ ತೊಟ್ಟಿಯ ನೀರಿನ ಹತ್ತು ಪಟ್ಟು ಹರಿವು ಸಾಕು. ಗಟ್ಟಿ ಹವಳಕ್ಕೆ ಇಪ್ಪತ್ತು, ನಲವತ್ತು ಪಟ್ಟು ಬೇಕು. ಇದನ್ನು ವೇವ್‌ಮೇಕರಿಗೆ ಬಿಡಿ. ಸಂಪಿನ ಪಂಪು ನಾಲ್ಕೈದು ಪಟ್ಟು ಎತ್ತಿಕೊಟ್ಟರೆ ಆಯಿತು. ಡಬ್ಬದ ಮೇಲೆ ಅಚ್ಚಾದ ಅಂಕಿ ನೀರನ್ನು ಎತ್ತರಕ್ಕೆ ಏರಿಸದೆ ಅಳೆದದ್ದು, ನಾಲ್ಕು ಅಡಿ ಮೇಲೆತ್ತುವಾಗ ಅಷ್ಟು ಬರುವುದಿಲ್ಲ.

ನನ್ನದು ಇನ್ನೂರು ಲೀಟರಿನ ತೊಟ್ಟಿ, ಎರಡು ಕ್ಲೌನ್ ಮೀನು. ಹವಳವಿಲ್ಲ. 2001ರಿಂದ ಗಟ್ಟಿ ಹವಳಗಳು ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯಿರುವ ಪಟ್ಟಿಯಲ್ಲೇ ಇವೆ, ಇರಲಿ. ಹೋದ ಬೇಸಿಗೆಯ ಒಂದು ರಾತ್ರಿ ಕರೆಂಟು ಹೋಯಿತು. ಯುಪಿಎಸ್ ಒಂದು ಗಂಟೆ ಎಳೆದು ಸುಮ್ಮನಾಯಿತು. ಮೀನುಗಳು ಮೇಲೆ ಬಂದು ಬಾಯಿ ಬಡಿಯತೊಡಗಿದವು. ಮಗಳು ಮೊಬೈಲ್ ಬೆಳಕು ಹಿಡಿದಳು, ನಾನು ಸ್ನಾನದ ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಹೊಯ್ಯುತ್ತ ನಿಂತೆ. ಹತ್ತು ನಿಮಿಷಕ್ಕೆ ತೋಳು ಸೋತಿತು. ‘ಕೊಡಪ್ಪ ಇಲ್ಲಿ’ ಎಂದು ಮಗಳು ಮಗ್ಗು ಕಸಿದುಕೊಂಡಳು. ಕರೆಂಟು ಬಂದಾಗ ಎರಡೂಮುಕ್ಕಾಲು.