ನಿಮಗಿದು ಗೊತ್ತೇ? ಕಚ್ಚಾ ತೈಲದ ನೀರಿಗೆ ಭತ್ತದ ಹೊಟ್ಟು

ಬಾವಿಯಿಂದ ಕಚ್ಚಾ ತೈಲವೊಂದೇ ಮೇಲೆ ಬರುವುದಿಲ್ಲ, ಜೊತೆಗೆ ಉಪ್ಪುನೀರೂ ಬರುತ್ತದೆ. ಎಷ್ಟೋ ಹಳೆಯ ಬಾವಿಗಳಲ್ಲಿ ಎಣ್ಣೆಗಿಂತ ನೀರೇ ಹೆಚ್ಚು.

ಹಾಗೇ ಬಿಟ್ಟರೆ ನೀರು ಬೇರೆಯಾಗದೇ? ಸುಲಭಕ್ಕಿಲ್ಲ. ತೈಲದಲ್ಲಿರುವ ಅಸ್ಫಾಲ್ಟೀನ್ ಎಂಬ ಅಂಟು ಪದಾರ್ಥ ನೀರಿನ ಒಂದೊಂದು ಹನಿಗೂ ಪೊರೆ ಹೊದಿಸುತ್ತದೆ. ಹನಿಗೆ ಹನಿ ತಾಗಿದರೂ ಕೂಡಿಕೊಳ್ಳುವುದಿಲ್ಲ. ಮೊಸರು ಕಡೆದಾಗ ಕೊಬ್ಬಿನ ಹನಿಗಳ ಪೊರೆ ಹರಿದು ಬೆಣ್ಣೆ ಬರುತ್ತದಲ್ಲ, ಇಲ್ಲೂ ಪೊರೆಯನ್ನೇ ಹರಿಯಬೇಕು. ಆದರೆ ಕಚ್ಚಾ ತೈಲವನ್ನು ಕಡೆದಷ್ಟೂ ನೀರು ಇನ್ನಷ್ಟು ಬೆರೆಯುತ್ತದೆ! ಅದಕ್ಕೇ ಡಿಮಲ್ಸಿಫೈಯರ್ ಎಂಬ ಮದ್ದು ಬೇಕು.

ತೈಲದಲ್ಲೇ ಉಳಿದ ಉಪ್ಪುನೀರಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಕಾದಾಗ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟಿ ಕೊಳವೆಗಳನ್ನು ತಿನ್ನುತ್ತದೆ. ಹಾಗಾಗಿ ಸಂಸ್ಕರಣಾಗಾರಗಳಲ್ಲಿ ಮೊದಲ ಕೆಲಸವೇ ಉಪ್ಪು ತೆಗೆಯುವುದು. ಅದಕ್ಕಾಗಿ ತೈಲಕ್ಕೆ ಒಳ್ಳೆಯ ನೀರನ್ನೇ ಬೆರೆಸಿ, ಕಾಯಿಸಿ, ವಿದ್ಯುತ್ ಹಾಯಿಸಿ, ಎರಡೂ ನೀರನ್ನು ಒಟ್ಟಿಗೇ ಇಳಿಸುತ್ತಾರೆ.

ಮೊದಮೊದಲ ಮದ್ದುಗಳಲ್ಲಿ ನಮ್ಮ ಹೊಲದ ಬದುವಿನ ಔಡಲವೂ ಇತ್ತು. ಗಂಧಕಾಮ್ಲದಲ್ಲಿ ಪಳಗಿಸಿದ ಔಡಲೆಣ್ಣೆಯನ್ನು ಕಳೆದ ಶತಮಾನದ ಆರಂಭದ ದಶಕಗಳಲ್ಲಿ ತೈಲಕ್ಕೆ ಹಾಕುತ್ತಿದ್ದರು.

ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್ ಇರುವ ಮಂಗಳೂರು ಗೇರುಬೀಜ ಕಾರ್ಖಾನೆಗಳ ಊರೂ ಹೌದು. ಗೇರುಸಿಪ್ಪೆಯ ಎಣ್ಣೆಯಿಂದ ಸಿಗುವ ಕಾರ್ಡನಾಲ್‌ನಿಂದಲೂ ಡಿಮಲ್ಸಿಫೈಯರ್ ತಯಾರಿಸಬಹುದು. ಇಂಥ ಮದ್ದುಗಳ ತಯಾರಿಯಲ್ಲಿ ಬಳಸುವ, ಮೀನುಗಳಿಗೆ ವಿಷವಾದ ನೋನೈಲ್‌ಫಿನಾಲ್‌ಗೆ ಕಾರ್ಡನಾಲ್ ಬದಲಿ ಆಗಬಲ್ಲದು. ಸಿಪ್ಪೆಯನ್ನು ಬರೀ ಒಲೆಗೆ ಹಾಕುವುದು ನನಗಂತೂ ದೊಡ್ಡ ನಷ್ಟವಾಗಿ ಕಾಣುತ್ತದೆ.

ಅಕ್ರೋಟಿನ ಚಿಪ್ಪಿಗೆ ಆಗಲೇ ಕೆಲಸ ಸಿಕ್ಕಿದೆ: ತೈಲಕ್ಷೇತ್ರಗಳಲ್ಲಿ ಬೇರ್ಪಡಿಸಿದ ನೀರಿನಲ್ಲಿ ಉಳಿದ ಎಣ್ಣೆ ಸೋಸಲು ಅದರ ಪುಡಿ ತುಂಬಿದ ಫಿಲ್ಟರ್‌ಗಳಿವೆ.

ಈಗ ಭತ್ತದ ಮಿಲ್ಲುಗಳ ಊರಾದ ಗಂಗಾವತಿಗೆ ಬನ್ನಿ. ಒಂದು ಟನ್ ಭತ್ತ ಮಿಲ್ಲಿಗೆ ಹೋದರೆ ಸುಮಾರು 200 ಕಿಲೋ ಹೊಟ್ಟು. ಪೂರ್ತಿ ಸುಟ್ಟರೆ 40 ಕಿಲೋದಷ್ಟು ಬೂದಿ, ಅದರಲ್ಲಿ ಹೆಚ್ಚಿನದು ಸಿಲಿಕಾ. ಬೂದಿಯಾಗಲು ಬಿಡದೆ, ಗಾಳಿ ತಡೆದು ಕರಿಕು ಮಾಡಿದರೆ ಇಂಗಾಲವೂ ಉಳಿಯುತ್ತದೆ. ಇಂಗಾಲಕ್ಕೆ ಎಣ್ಣೆಯ ನಂಟು, ಸಿಲಿಕಾಕ್ಕೆ ನೀರಿನ ನಂಟು. ಹೀಗಾಗಿ ತೈಲಕ್ಕೆ ಹಾಕಿದ ಕರಿಕಿನ ಕಣ ನೇರ ಹೋಗಿ ನೀರಹನಿಯ ಪೊರೆಯ ಮೇಲೇ ಕೂರುತ್ತದೆ, ಪೊರೆ ಸಡಿಲಾಗುತ್ತದೆ. ಚೀನಾದ ಸಂಶೋಧಕರು ಲ್ಯಾಬಿನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಕೊಪ್ಪಳ ಜಿಲ್ಲೆಯ ಅಳವಂಡಿಯ ಎರೆಸೀಮೆಯಲ್ಲಿ ಭತ್ತವಿಲ್ಲದಿದ್ದರೇನು? ಹತ್ತಿಕಟ್ಟಿಗೆಯಲ್ಲಿ ಸುಮಾರು ಕಾಲು ಭಾಗ ಲಿಗ್ನಿನ್ ಎಂಬ, ಕಟ್ಟಿಗೆಗೆ ಗಟ್ಟಿತನ ಕೊಡುವ ಪದಾರ್ಥ ಇರುತ್ತದೆ. ಅದನ್ನು ಮಾರ್ಪಡಿಸಿ ಎಣ್ಣೆ-ನೀರು ಬಿಡಿಸುವ ಪ್ರಯೋಗಗಳೂ ನಡೆದಿವೆ. ಗೋವಿನಜೋಳದ ದಿಂಡಿನಿಂದ ತೆಗೆಯುವ ಫರ್‌ಫ್ಯೂರಲ್ ಅಂತೂ ಲೂಬ್ರಿಕೆಂಟ್ ಎಣ್ಣೆ ಶುದ್ಧಿಗೆ ಬಹುಕಾಲದಿಂದ ಬಳಕೆಯಲ್ಲಿದೆ.

ಮದ್ದು ಯಾವುದೇ ಇರಲಿ, ಪರೀಕ್ಷೆ ಒಂದೇ. ಗೀಟು ಹಾಕಿದ ಗಾಜಿನ ಬಾಟಲಿಗೆ ತೈಲ ಸುರಿದು, ಮದ್ದು ಹಾಕಿ, ಕುಲುಕಿ, ಬಿಸಿನೀರಲ್ಲಿಟ್ಟು, ತಳದಲ್ಲಿ ನೀರು ಎಷ್ಟು ಬೇಗ, ಎಷ್ಟು ತಿಳಿಯಾಗಿ ಇಳಿಯಿತೆಂದು ನೋಡುವುದು. ಒಂದು ಬಾವಿಯ ತೈಲಕ್ಕೆ ಒಗ್ಗಿದ್ದು ಪಕ್ಕದ ಬಾವಿಯದಕ್ಕೆ ಒಗ್ಗದೇ ಹೋಗಬಹುದು. ಹಾಗಾಗಿ ಪ್ರತಿ ತೈಲಕ್ಕೂ ಬೇರೆಯಾಗಿ ಈ ಪರೀಕ್ಷೆ ಮಾಡಲೇಬೇಕು.